ಕಾಲಿಡದ ಹೊಲದ ಹದಿನಾಲ್ಕು ಬಾಣಗಳು

ನನ್ನ ತಂಗಿ ಒಂದು ಕಾಗದದ ಮೇಲೆ ಐವತ್ತೆರಡು ಜಾಗ ಗುರುತು ಮಾಡಿ ನನ್ನ ಕೈಗೆ ಕೊಟ್ಟಿದ್ದಳು. ಅವುಗಳಲ್ಲಿ ಮೂವತ್ತೆಂಟು ಜಾಗಕ್ಕೆ ಹೋದೆ. ಹದಿನಾಲ್ಕಕ್ಕೆ ಹೋಗಲಿಲ್ಲ. ಎಲ್ಲಕ್ಕೂ ಹೋಗಿದ್ದೆ ಎಂದು ಹೇಳಿದೆ. ನನ್ನ ತಪ್ಪು ಇಷ್ಟೇ. ಆದರೆ ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಅವಳು ತನ್ನ ಲೆಕ್ಕವನ್ನೇ ಬಿಟ್ಟುಬಿಟ್ಟಿದ್ದಳು.

ನಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದವನು. ಅಪ್ಪ ತೀರಿಕೊಂಡ ವರ್ಷ ನೇಗಿಲು ನನ್ನ ಕೈಗೆ ಬಂತು. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅಜ್ಜಂಪುರದ ಶಾಲೆಯಲ್ಲಿ ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರೇ ಒಂದು ದಿನ ಮನೆಗೆ ಬಂದು, ‘ಈ ಹುಡುಗಿಗೆ ಹೇಳಿಕೊಡುವಷ್ಟು ನನ್ನ ಹತ್ತಿರ ಇಲ್ಲ, ಮುಂದಕ್ಕೆ ಕಳಿಸಿ’ ಎಂದರು. ಅವ್ವ ಬೇಡ ಎಂದಳು. ನಾನು ಕಳಿಸಿದೆ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಮುಗಿಸಿದಳು. ಆ ಮೇಲೆ ಕಡೂರಿನ ಹೈಸ್ಕೂಲು ಮೇಷ್ಟ್ರೊಬ್ಬರಿಗೆ ಕೊಟ್ಟು ಮದುವೆ ಮಾಡಿದೆವು. ಮದುವೆಯಾದ ಮೇಲೂ ಮೈಸೂರಿನ ತನ್ನ ಪ್ರೊಫೆಸರಿಗೆ ಕಾಗದ ಬರೆಯುವುದನ್ನು ಅವಳು ಬಿಡಲಿಲ್ಲ. ಭಾವನವರು ಒಳ್ಳೆಯವರು. ‘ನನ್ನ ಹೆಂಡತಿ ಕಾಗದ ಬರೆದರೆ ಒಂದಕ್ಷರ ನನಗೆ ಅರ್ಥವಾಗುವುದಿಲ್ಲ, ಅದೇ ನೆಮ್ಮದಿ’ ಎಂದು ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಮೊದಲ ಹೆರಿಗೆಗೆ ಅವಳು ತವರಿಗೆ ಬಂದಳು. ಸಂಕ್ರಾಂತಿ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಬಾಣಂತನವೆಂದರೆ ಮೂರು ತಿಂಗಳ ಸೆರೆ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಸಂಜೆಯಾದರೆ ಸಾಂಬ್ರಾಣಿ ಹೊಗೆ. ಹೊಸಿಲು ದಾಟುವ ಹಾಗಿಲ್ಲ. ಅವ್ವನ ಕಾನೂನಿನಲ್ಲಿ ಇನ್ನೊಂದು ಕಲಮು ಇತ್ತು, ಬಾಣಂತಿ ಓದಬಾರದು, ಕಣ್ಣು ಹೋಗುತ್ತದೆ. ತಂಗಿ ಕಾಗದ, ಪೆನ್ಸಿಲ್ಲುಗಳನ್ನು ಮಗುವಿನ ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದಳು.

ಒಂದು ಮಧ್ಯಾಹ್ನ ನಾನು ಕೆಂಡ ಬದಲಾಯಿಸಲು ಹೋದಾಗ ಪಿಸುಗುಟ್ಟಿದಳು.

‘ಅಣ್ಣ, ಅವ್ವ ಎಲ್ಲಿ?’

‘ಕೊಟ್ಟಿಗೆಗೆ ಹೋದ್ಲು. ಯಾಕೆ, ನೀರು ಬೇಕಾ?’

‘ನೀರು ಬ್ಯಾಡ. ಒಂದು ಲೆಕ್ಕ ಐತೆ, ಅದಕ್ಕೆ ನಿನ್ನ ಕಾಲು ಬೇಕು.’

‘ಲೆಕ್ಕಕ್ಕೆ ತಲೆ ಬೇಕು ಅಂತಿದ್ರಪ್ಪ ನಮ್ಮ ಮೇಷ್ಟ್ರು.’

‘ತಲೆ ನಂದೈತೆ. ಅದನ್ನ ಅವ್ವ ಬಟ್ಟೆ ಕಟ್ಟಿ ಕೂರಿಸವ್ಳೆ. ಕಾಲು ನಿಂದು ಕೊಡು.’

ಆಮೇಲೆ ಅವಳು ಕೇಳಿದ್ದನ್ನು ನನಗೆ ನೆನಪಿರುವ ಮಟ್ಟಿಗೆ ಬರೆಯುತ್ತೇನೆ. ಬೇಸಿಗೆಯಲ್ಲಿ ಕುಂಟೆಯ ನೀರು ಬತ್ತುತ್ತಾ ಹೋದ ಹಾಗೆ ದಡದ ಮೇಲೆ ಒಂದರೊಳಗೊಂದು ಬಳೆಗಳ ಹಾಗೆ ಗೆರೆ ಬೀಳುತ್ತದಲ್ಲ, ಒಂದೊಂದು ಗೆರೆಯೂ ಒಂದೊಂದು ಮಟ್ಟ. ಈಗ ಆ ಗೆರೆಗಳು ಅಳಿಸಿಹೋಗಿವೆ ಎಂದುಕೊಳ್ಳಬೇಕು. ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಜಾಗದಲ್ಲಿ ಗೋಲಿ ಇಟ್ಟರೆ ಯಾವ ಕಡೆಗೆ ಉರುಳುತ್ತದೆ ಎಂಬುದಷ್ಟೇ ನಮಗೆ ತಿಳಿದಿದೆ. ಇಳಿಜಾರು ಎಷ್ಟು, ಆಳ ಎಷ್ಟು ಏನೂ ತಿಳಿಯದು. ಅಷ್ಟರಿಂದಲೇ ಗೆರೆಗಳನ್ನೆಲ್ಲ ತಿರುಗಿ ಬರೆಯಬಹುದೇ?

ನಾನು ಸ್ವಲ್ಪ ಹೊತ್ತು ಕೆಂಡ ಕೆದಕುತ್ತಾ ಕೂತೆ. ‘ಗೋಲಿ ಗೆರೆ ಹಿಡ್ಕಂಡು ಹೋಗಲ್ಲ. ಗೆರೆಗೆ ಅಡ್ಡಡ್ಡಕ್ಕೆ ತಾನೇ ಇಳಿಯೋದು?’ ಎಂದೆ.

ಅವಳು ತಲೆಯ ಬಟ್ಟೆ ಸರಿಮಾಡಿಕೊಂಡು ನನ್ನನ್ನೇ ನೋಡಿದಳು. ‘ನಮ್ಮ ಕ್ಲಾಸಲ್ಲಿ ಇದನ್ನ ಹೇಳೋಕೆ ಒಬ್ಬನಿಗೆ ಅರ್ಧ ಗಂಟೆ ಬೇಕಾಯ್ತು ಕಣಣ್ಣ’ ಎಂದಳು. ಜೀವಮಾನದಲ್ಲಿ ಓದಿನ ವಿಷಯಕ್ಕೆ ನನ್ನನ್ನು ಯಾರಾದರೂ ಹೊಗಳಿದ್ದರೆ ಅದು ಆ ಒಂದೇ ಸಲ.

ಎಲ್ಲ ನೆಲಕ್ಕೂ ಇದು ಆಗುವುದಿಲ್ಲವಂತೆ. ಬಳೆಗಳ ಹೊಟ್ಟೆ ಹೊರಕ್ಕೆ ಇರಬೇಕು, ಎಲ್ಲಿಯೂ ಒಳಕ್ಕೆ ನೆಗ್ಗಿರಬಾರದು. ಅದಿಷ್ಟಿದ್ದರೆ ಸಾಕು, ತಗ್ಗು ಬಾವಿಯ ಹಾಗೆ ಕಡಿದಾಗಿರಲಿ, ಊಟದ ತಣಿಗೆಯ ಹಾಗೆ ಹರಡಿಕೊಂಡಿರಲಿ, ಒಂದು ಕಡೆ ಕಡಿದು ಇನ್ನೊಂದು ಕಡೆ ಸಮ ಇರಲಿ, ಚಿಂತೆಯಿಲ್ಲ. ಅಂಥ ನೆಲದಲ್ಲಿ ಒಂದು ಜಾಗದಲ್ಲಿ ನಿಂತು, ಗೋಲಿ ಉರುಳಿದ ಕಡೆಗೆ ಅಡ್ಡಲಾಗಿ ಒಂದು ಹಗ್ಗ ಎಳೆದು ಹಿಡಿದರೆ, ನಾವು ನಿಂತ ಜಾಗಕ್ಕಿಂತ ತಗ್ಗಾದ ನೆಲವೆಲ್ಲ ಹಗ್ಗದ ಮುಂದೆಯೇ ಇರುತ್ತದೆ. ಹಗ್ಗದ ಹಿಂದೆ ಇರುವುದೆಲ್ಲ ನಮಗಿಂತ ಮೇಲೆ. ಈ ಹಗ್ಗದ ಮಾತು ನನಗೆ ಚೆನ್ನಾಗಿ ಹಿಡಿಸಿತು. ಪ್ರತಿ ಜಾಗದಲ್ಲೂ ಹೀಗೆ ಹಗ್ಗ ಎಳೆಯುತ್ತಾ ಹೋದರೆ ಯಾವುದರ ಮೇಲೆ ಯಾವುದು ಎಂಬುದು ಒಂದೊಂದಾಗಿ ತಿಳಿಯುತ್ತಾ ಬರುತ್ತದೆ, ಕೊನೆಗೆ ಬಳೆಗಳು ತಾವೇ ಕಾಣಿಸಿಕೊಳ್ಳುತ್ತವೆ.

‘ಎಷ್ಟು ಮೇಲೆ ಅಂತ ಗೊತ್ತಾಗುತ್ತಾ?’ ಎಂದು ಕೇಳಿದೆ.

‘ಅದು ಯಾವತ್ತೂ ಗೊತ್ತಾಗಲ್ಲ. ಯಾವುದು ಮೇಲೆ ಅನ್ನೋದಷ್ಟೇ.’

ಇದನ್ನು ಮಾಡುವ ಒಂದು ದಾರಿಯನ್ನು ಅವಳು ತಾನೇ ಕಂಡುಕೊಂಡಿದ್ದಳು. ಕಾಗದದ ಮೇಲೆ ತಾನೇ ಕಟ್ಟಿದ ಹತ್ತಾರು ಉದಾಹರಣೆಗಳಲ್ಲಿ ಅದು ಸರಿಹೋಗಿತ್ತು. ಆದರೆ ಪ್ರೊಫೆಸರು ಒಪ್ಪಿರಲಿಲ್ಲ. ನೀನು ಕಟ್ಟಿದ ಉದಾಹರಣೆ ನಿನ್ನ ಮಾತು ಕೇಳುತ್ತದೆ, ನೀನು ಕಟ್ಟದ ಯಾವುದರ ಮೇಲಾದರೂ ಪರೀಕ್ಷೆ ಮಾಡಿ ತಾ ಎಂದು ಬರೆದಿದ್ದರು. ಆ ಬೇಸಿಗೆ ಕಳೆದರೆ ಅವರಿಗೆ ನಿವೃತ್ತಿ. ಅಷ್ಟರೊಳಗೆ ಕಳಿಸಿದರೆ ಅವರ ಕೈಕೆಳಗೆ ಸಂಶೋಧನೆಗೆ ಸೇರಬಹುದಾಗಿತ್ತು. ಆಮೇಲೆ ಬರುವವರಿಗೆ ಅವಳ ಪರಿಚಯವೂ ಇಲ್ಲ, ಈ ವಿಷಯದಲ್ಲಿ ಆಸಕ್ತಿಯೂ ಇಲ್ಲ.

ಅವಳು ಕಟ್ಟದ ಉದಾಹರಣೆ ನಮ್ಮ ಕೈಯಳತೆಯಲ್ಲೇ ಇತ್ತು. ರೈಲು ಹಳಿಯ ಆಚೆ ನಮ್ಮದೊಂದು ಹೊಲ, ಸುತ್ತಲೂ ಏರಿ ನಡುವೆ ತಗ್ಗಾಗಿರುವುದರಿಂದ ಅದಕ್ಕೆ ತಣಿಗೆ ಹೊಲ ಎಂದೇ ಹೆಸರು. ನಡುವೆ ಒಂದು ಕುಂಟೆ. ಅಪ್ಪ ಚಿಕ್ಕಪ್ಪ ಪಾಲಾದಾಗ ಮೂಡಣ ದಿಕ್ಕಿನ ಭಾಗ ಚಿಕ್ಕಪ್ಪನಿಗೆ ಹೋಗಿತ್ತು. ಈಗ ಅದನ್ನು ಅವರ ಮಗ ಉಳುತ್ತಿದ್ದ. ಅವನು ನನಗಿಂತ ಒಂದು ವರ್ಷ ಚಿಕ್ಕವನು.

ಇಲ್ಲಿ ಒಂದು ಜಗಳದ ಮಾತು ಹೇಳಬೇಕು. ಎರಡು ಹೊಲದ ನಡುವಿನ ಬದುವಿನ ಮೇಲೆ ಒಂದು ಹುಣಸೆಮರ. ಅದರ ಒಂದು ಕೊಂಬೆಯನ್ನು ಅವನು ನನ್ನನ್ನು ಕೇಳದೆ ಕಡಿದ. ಮಾತಿಗೆ ಮಾತು ಬೆಳೆದು ಮಠದ ಅಂಗಳದಲ್ಲಿ ಹಿರಿಯರ ಮುಂದೆ ಪಂಚಾಯಿತಿಯಾಯಿತು. ಕೊಂಬೆಯ ಮಾತನ್ನು ಹಿರಿಯರು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು. ನನಗೆ ಅದು ಸಾಲಲಿಲ್ಲ. ವಿಭೂತಿ ಮುಟ್ಟಿ, ‘ಇವನ ಹೊಲ ಇನ್ಮೇಲೆ ನಾನು ಮೆಟ್ಟಲ್ಲ, ಮೆಟ್ಟಿದ್ರೆ ನಮ್ಮಪ್ಪನ ಮಗನಲ್ಲ’ ಎಂದು ಆಣೆ ಮಾಡಿದೆ. ಯಾರೂ ಕೇಳದೆ ಮಾಡಿದ ಆಣೆ. ಒಬ್ಬ ಮುದುಕರು, ‘ಯಾರಪ್ಪ ನಿನ್ನ ಮೆಟ್ಟು ಅಂದೋರು?’ ಎಂದರು. ಎಲ್ಲರೂ ನಕ್ಕರು. ಆ ನಗುವಿಗಾಗಿಯೇ ನಾನು ಆಣೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಜಗಳವಾದದ್ದು ತಂಗಿಗೆ ಗೊತ್ತಿತ್ತು, ಆಣೆ ಗೊತ್ತಿರಲಿಲ್ಲ. ಹೆಂಗಸರ ನಡುವೆ ಜಗಳ ನಡೆಯಲೂ ಇಲ್ಲ. ಚಿಕ್ಕಪ್ಪನ ಮಗನ ಹೆಂಡತಿ ವಾರಕ್ಕೆರಡು ಸಲ ಹಿತ್ತಲ ಬಾಗಿಲಿಂದ ಬಾಣಂತಿಗೆ ಮೆಣಸಿನ ಸಾರು ತಂದು ಕೊಡುತ್ತಿದ್ದಳು. ಅವನಿಗೂ ನನ್ನ ತಂಗಿಯೆಂದರೆ ಪ್ರೀತಿ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸುತ್ತಿದ್ದವನು ಅವನು.

ಗೋಲಿ ಸಿಕ್ಕುವುದು ಸುಲಭ. ಆದರೆ ಹೊಲದ ನೆಲದಲ್ಲಿ ಗೋಲಿ ಇಟ್ಟರೆ ಹೆಂಟೆಗೆ ಸಿಕ್ಕಿ ನಿಲ್ಲುತ್ತದೆ. ಅದಕ್ಕೆ ತಂಗಿ ಅವ್ವನ ರೊಟ್ಟಿ ಮಣೆ ತರಿಸಿಕೊಂಡಳು. ಗುಂಡನೆಯ ಮರದ ಮಣೆ. ಅದರ ಅಂಚಿನ ಸುತ್ತ ಗಡಿಯಾರದ ಹಾಗೆ ಒಂದರಿಂದ ಹನ್ನೆರಡು ಬರೆದಳು. ನೆಲದ ಮೇಲೆ ಮಣೆ ಇಡಬೇಕು, ಹನ್ನೆರಡು ಒಂದು ಗೊತ್ತಾದ ಕಡೆಗೆ ಮುಖ ಮಾಡಿರಬೇಕು, ನಡುವೆ ಗೋಲಿ ಬಿಡಬೇಕು. ಎಷ್ಟು ಗಂಟೆಯ ಕಡೆ ಉರುಳಿತು ಎಂದು ಕಾಗದದಲ್ಲಿ ಬಾಣ ಹಾಕಿ ಬರೆದುಕೊಳ್ಳಬೇಕು. ಒಂದೊಂದು ಜಾಗದಲ್ಲೂ ಮಣೆಯನ್ನು ಸ್ವಲ್ಪ ಸ್ವಲ್ಪ ಸರಿಸಿ ಮೂರು ಸಲ.

‘ಹನ್ನೆರಡನ್ನ ರೈಲು ಸಿಗ್ನಲ್ ಕಂಬದ ಕಡೆ ಇಡ್ತೀನಿ’ ಎಂದೆ.

‘ಸಿಗ್ನಲ್ ತೀರ ಹತ್ರ ಐತೆ ಕಣಣ್ಣ. ನೀನು ನಾಲ್ಕು ಹೆಜ್ಜೆ ಹಾಕಿದ್ರೆ ಅದರ ದಿಕ್ಕು ತಿರುಗಿಬಿಡುತ್ತೆ. ತರೀಕೆರೆ ಕಡೆ ಗುಡ್ಡದ ನೆತ್ತಿ ಕಾಣುತ್ತಲ್ಲ, ಅದರ ಕಡೆ ಇಡು. ಅದು ನೀನು ಎಲ್ಲಿ ಹೋದ್ರೂ ಅಲ್ಲೇ ಇರುತ್ತೆ.’

ಮಾರನೆಯ ದಿನವೇ ಅವ್ವನಿಗೆ ಗೊತ್ತಾಯಿತು. ‘ರೊಟ್ಟಿ ಮಣೆ ಮೇಲೆ ಗಡಿಯಾರ ಬರ್ದವ್ಳೆ. ಇನ್ಮೇಲೆ ಟೈಮ್ ನೋಡ್ಕಂಡು ರೊಟ್ಟಿ ತಟ್ಬೇಕೇನೋ’ ಎಂದು ಬೈದಳು. ಆದರೆ ಮಣೆಯನ್ನು ಕಿತ್ತುಕೊಳ್ಳಲಿಲ್ಲ. ಮಗಳು ಹೊಸಿಲು ದಾಟದಿದ್ದರೆ ಅವಳಿಗೆ ಸಾಕಾಗಿತ್ತು.

ಜೋಳ ಕೊಯ್ದು ಹೊಲ ಬಯಲಾಗಿತ್ತು. ಕುಂಟೆಯ ದಡದ ಕಲ್ಲಿನಿಂದ ಹೆಜ್ಜೆ ಎಣಿಸಿಕೊಂಡು ಒಂದೊಂದು ಜಾಗ ಹುಡುಕಿ ಗೂಟ ನೆಟ್ಟೆ. ಮೂರು ದಿನ ಬೆಳಿಗ್ಗೆ ಹಾಲು ಕರೆದಾದ ಮೇಲೆ ಇದೇ ಕೆಲಸ. ಮೊದಲ ದಿನವೇ ಒಂದು ವಿಚಿತ್ರ ಕಂಡೆ. ಬಡಗಣ ಮೂಲೆಯಲ್ಲಿ ಗೋಲಿ ಕುಂಟೆಯ ಕಡೆಗೆ ಉರುಳುತ್ತದೆ ಎಂದು ನಾನು ಕಣ್ಣುಮುಚ್ಚಿ ಹೇಳುತ್ತಿದ್ದೆ. ಅದು ಕುಂಟೆಯನ್ನು ಬಿಟ್ಟು ಪಕ್ಕಕ್ಕೆ ಉರುಳಿತು. ಮೂರು ಸಲವೂ ಹಾಗೇ. ಹದಿನೈದು ವರ್ಷ ಉತ್ತ ಹೊಲ. ಅದರ ಮೈ ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣು ನಂಬುವಂಥದ್ದಲ್ಲ ಎಂದು ಆ ದಿನ ನನಗೆ ಚೆನ್ನಾಗಿ ತಿಳಿಯಿತು. ಇದನ್ನು ಯಾಕೆ ಒತ್ತಿ ಬರೆಯುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ನನ್ನ ಪರವಾಗಿ ಹೇಳಬಾರದು.

ನಾಲ್ಕನೆಯ ದಿನ ಬದುವಿನ ಹತ್ತಿರ ಬಂದೆ. ಉಳಿದ ಹದಿನಾಲ್ಕು ಜಾಗ ಅವನ ಹೊಲದಲ್ಲಿದ್ದವು. ಅವನು ಅಲ್ಲೇ ಎತ್ತು ಕಟ್ಟಿಕೊಂಡು ಕೂಳೆ ಆರಿಸುತ್ತಿದ್ದ. ನಾವು ಮಾತಾಡುತ್ತಿರಲಿಲ್ಲ. ಮಾತು ಬಿಟ್ಟವರು ನಮ್ಮಲ್ಲಿ ಎತ್ತಿನ ಜೊತೆ ಮಾತಾಡುತ್ತಾರೆ, ಕೇಳಿಸಬೇಕಾದವರಿಗೆ ಕೇಳಿಸುತ್ತದೆ.

‘ನೋಡೋ ಬಸವ’ ಎಂದು ಅವನು ಎತ್ತಿಗೆ ಹೇಳಿದ. ‘ಮೂರು ದಿನದಿಂದ ಕೆಲವರು ಹೊಲದಾಗೆ ಗೋಲಿ ಆಡ್ತವ್ರೆ. ಒಬ್ಬರೇ ಆಡ್ತವ್ರೆ, ಆದ್ರೂ ಗೆಲ್ತಾ ಇಲ್ಲ.’

ನನ್ನ ಕೈಯಲ್ಲಿ ಮಣೆ, ಇನ್ನೊಂದು ಕೈಯಲ್ಲಿ ಗೋಲಿ. ಬದು ಮೊಣಕಾಲೆತ್ತರ. ದಾಟಬಹುದಿತ್ತು. ದಾಟಿದರೆ ಅವನು ನಗುತ್ತಾನೆ, ಸಂಜೆಯೊಳಗೆ ಮಠದ ಅಂಗಳವೂ ನಗುತ್ತದೆ. ಮನೆಗೆ ಹೋಗಿ ತಂಗಿಗೆ ಹೇಳಬಹುದಿತ್ತು, ‘ನಾನು ಆಣೆ ಮಾಡಿದ್ದೀನಿ, ಅವನನ್ನೇ ಕೇಳು’ ಎಂದು. ಅವಳು ಸಾರಿನ ಪಾತ್ರೆಯ ಜೊತೆ ಒಂದು ಮಾತು ಕಳಿಸಿದ್ದರೆ ಅವನು ಆ ಹದಿನಾಲ್ಕು ಜಾಗವನ್ನು ಸಂತೋಷದಿಂದ ನೋಡಿಕೊಡುತ್ತಿದ್ದ. ಅದೇ ನನಗೆ ಆಗದಿದ್ದದ್ದು. ಅವಳ ಲೆಕ್ಕಕ್ಕೆ ಕಾಲು ಕೊಟ್ಟವನು ನಾನು. ಅದರಲ್ಲಿ ಅವನಿಗೆ ಪಾಲು ಕೊಡಲು ನನಗೆ ಮನಸ್ಸಿರಲಿಲ್ಲ.

ಹುಣಸೆಮರದ ಕೆಳಗೆ, ನಮ್ಮ ಕಡೆಯ ನೆರಳಿನಲ್ಲಿ ಕೂತೆ. ಕಾಗದ ತೊಡೆಯ ಮೇಲೆ ಇಟ್ಟುಕೊಂಡೆ. ತಣಿಗೆ ಹೊಲ ತಾನೇ, ತಣಿಗೆ ಗುಂಡಗಿರುತ್ತದೆ, ನೀರೆಲ್ಲ ನಡುವಿಗೆ ಹೋಗುತ್ತದೆ ಎಂದುಕೊಂಡು ಹದಿನಾಲ್ಕೂ ಜಾಗದಿಂದ ಬಾಣಗಳನ್ನು ನೇರವಾಗಿ ಕುಂಟೆಗೆ ತಿರುಗಿಸಿ ಗಂಟೆ ಬರೆದೆ. ಅನುಮಾನ ಬರಬಾರದೆಂದು ಒಂದೆರಡಕ್ಕೆ ಅರ್ಧ ಗಂಟೆ ಹೆಚ್ಚು ಕಡಿಮೆ ಮಾಡಿದೆ. ಹತ್ತು ನಿಮಿಷದ ಕೆಲಸ.

ತಂಗಿ ಆ ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ‘ಅವನು ಏನೂ ಅನ್ಲಿಲ್ವಾ?’ ಎಂದು ಕೇಳಿದಳು.

‘ಅವನೇನಂತಾನೆ. ನೋಡ್ಕೊಂಡ್ ಬಂದೆ’ ಎಂದೆ.

ಒಂದು ವಾರ ಅವಳು ಮಗುವಿಗೆ ಹಾಲು ಕೊಡುತ್ತಾ, ಅವ್ವ ಆಚೆ ಹೋದಾಗಲೆಲ್ಲ ಸ್ಕೇಲು ಹಿಡಿದು ಗೆರೆ ಎಳೆದಳು. ಎಂಟನೆಯ ದಿನ ಕರೆದಳು. ಮುಖ ಬಾಡಿತ್ತು. ಮಾತು ಬಿಡಿಸಿ ಬಿಡಿಸಿ ಹೇಳಿದಳು. ಏಳನೇ ಜಾಗದ ಹಗ್ಗದ ಹಿಂದೆ ಹತ್ತೊಂಬತ್ತನೆಯದು ಬರುತ್ತದೆ, ಆದ್ದರಿಂದ ಹತ್ತೊಂಬತ್ತು ಏಳಕ್ಕಿಂತ ಮೇಲೆ. ಹತ್ತೊಂಬತ್ತರ ಹಿಂದೆ ನಲವತ್ತೊಂದು, ಅದು ಇನ್ನೂ ಮೇಲೆ. ನಲವತ್ತೊಂದರ ಹಗ್ಗದ ಹಿಂದೆ ಮತ್ತೆ ಏಳು.

‘ಅಂದ್ರೆ ಏಳು ತನಗಿಂತ ತಾನೇ ಮೇಲೈತೆ ಕಣಣ್ಣ. ಬರೀ ಹತ್ತಿಕೊಂಡೇ ಹೋಗಿ ಹೊರಟ ಜಾಗಕ್ಕೆ ಬಂದು ನಿಂತಂಗಾಯ್ತು. ಹಿಂಗಿರೋ ನೆಲ ಭೂಮಿ ಮೇಲೆ ಇಲ್ಲ.’

ನಲವತ್ತೊಂದು ಅವನ ಹೊಲದ್ದು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು.

ಅವಳು ಮೆಲ್ಲಗೆ ಕೇಳಿದಳು. ‘ತಪ್ಪು ತಿಳ್ಕಬ್ಯಾಡ. ಎಲ್ಲಾ ಜಾಗದಲ್ಲೂ ನೀನೇ ಮಣೆ ಇಟ್ಟು ನೋಡಿದ್ಯಾ?’

‘ನಾನೇನು ನಿಂಗೆ ಸುಳ್ಳು ಹೇಳ್ತೀನೇನೇ?’ ಎಂದೆ. ದನಿ ಏರಿಸಿ ಹೇಳಿದೆ. ತೊಟ್ಟಿಲಲ್ಲಿ ಮಗು ಎಚ್ಚರವಾಗಿ ಅತ್ತಿತು. ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಅವಳು ಮುಖ ತಿರುಗಿಸಿದಳು. ‘ಇಲ್ಲ, ಇಲ್ಲ. ತಪ್ಪು ನಂದೇ ಇರುತ್ತೆ’ ಎಂದಳು.

ಅವಳು ನನ್ನನ್ನು ಅನುಮಾನಿಸಿದ್ದಿದ್ದರೆ ಉಳಿದುಕೊಳ್ಳುತ್ತಿದ್ದಳು. ಆ ಹದಿನಾಲ್ಕನ್ನು ಪಕ್ಕಕ್ಕಿಟ್ಟು ಉಳಿದವನ್ನು ನೋಡಿದ್ದರೂ ಸಾಕಿತ್ತು. ಅವಳು ನನ್ನನ್ನು ನಂಬಿದಳು, ತನ್ನ ದಾರಿಯನ್ನು ಅನುಮಾನಿಸಿದಳು. ಉಳಿದ ಬಾಣಂತನವೆಲ್ಲ ತನ್ನ ಬರಹದಲ್ಲಿ ತಪ್ಪು ಹುಡುಕುವುದರಲ್ಲಿ ಕಳೆಯಿತು. ಇಲ್ಲದ ತಪ್ಪು ಹೇಗೆ ಸಿಗುತ್ತದೆ? ಕೊನೆಗೆ ಪ್ರೊಫೆಸರಿಗೆ ಇದ್ದದ್ದು ಇದ್ದ ಹಾಗೆ ಬರೆದಳು, ನೆಲದ ಮೇಲೆ ಇದು ನಿಲ್ಲಲಿಲ್ಲ, ಯಾಕೆಂದು ತಿಳಿಯಲಿಲ್ಲ ಎಂದು. ಆ ಕಾಗದವನ್ನು ಅಂಚೆ ಪೆಟ್ಟಿಗೆಗೆ ಹಾಕಿದವನೂ ನಾನೇ. ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹಾಕಿದೆ.

ಮೂರು ತಿಂಗಳು ತುಂಬಿದ ಮೇಲೆ ಮಗುವನ್ನು ಎತ್ತಿಕೊಂಡು ಅವಳು ಕಡೂರಿಗೆ ಹೋದಳು. ಗೆರೆ ಎಳೆದ ಹಾಳೆಗಳನ್ನು ಸುರುಳಿ ಸುತ್ತಿ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಬಿಟ್ಟು ಹೋದಳು. ಆಮೇಲೆ ಭಾವನವರಿಗೆ ತರೀಕೆರೆಗೆ ವರ್ಗವಾಯಿತು. ಅವಳಿಗೂ ಅಲ್ಲೇ ಒಂದು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಸಿಕ್ಕಿತು. ನಾನು ಹಬ್ಬಕ್ಕೆ ಕರೆಯಲು ಹೋಗುತ್ತಿದ್ದೆ, ಈರುಳ್ಳಿ, ಜೋಳ ಕೊಟ್ಟು ಬರುತ್ತಿದ್ದೆ. ಅವಳು ಚೆನ್ನಾಗಿಯೇ ಇದ್ದಳು. ಮಕ್ಕಳು ಅವಳನ್ನು ಕಂಡರೆ ಹೆದರುತ್ತಿದ್ದರು, ಅವಳ ಪಾಠವೆಂದರೆ ಪ್ರಾಣ ಬಿಡುತ್ತಿದ್ದರು. ಇದರಿಂದ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಒಂದು ಸಲ ಅವರ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆ. ಬಾಣಂತನದಲ್ಲಿ ಹುಟ್ಟಿದ ಆ ಹುಡುಗಿಗೆ ಆಗ ಎಂಟೊಂಬತ್ತು ವರ್ಷ. ಎಲ್ಲಿಂದ ಕೇಳಿಕೊಂಡು ಬಂದಿದ್ದಳೋ, ‘ಅಮ್ಮಾ, ನೀನು ಡಾಕ್ಟರ್ ಆಗ್ಬೇಕಿತ್ತಂತೆ, ಲೆಕ್ಕದ ಡಾಕ್ಟರು. ಯಾಕೆ ಆಗ್ಲಿಲ್ಲ?’ ಎಂದಳು.

‘ನನ್ನ ಲೆಕ್ಕದಲ್ಲಿ ಎಲ್ಲೋ ಒಂದು ಬಿರುಕಿತ್ತು ಪುಟ್ಟಿ. ಎಲ್ಲಿ ಅಂತ ಸಿಗ್ಲೇ ಇಲ್ಲ’ ಎಂದಳು ತಂಗಿ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನಾನು ಊಟ ಮಾಡಿದೆ.

ಅದರ ಮುಂದಿನ ಬೇಸಿಗೆ ಭೂಸಂರಕ್ಷಣೆಯವರು ನಮ್ಮ ಹೊಲಗಳಿಗೆ ಬಂದರು. ಮಣ್ಣು ಕೊಚ್ಚಿಹೋಗದ ಹಾಗೆ ಸಮಮಟ್ಟದ ಬದು ಹಾಕುವುದಕ್ಕಾಗಿ ಮೂರು ಕಾಲಿನ ಮೇಲೆ ದುರ್ಬೀನು ಇಟ್ಟು, ಒಂದೇ ಮಟ್ಟದ ಜಾಗಗಳನ್ನು ಹುಡುಕಿ ಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋದರು. ಸಂಜೆ ಹೊತ್ತಿಗೆ ಇಡೀ ತಣಿಗೆ ಹೊಲದ ಮೇಲೆ ಬಿಳಿ ಬಳೆಗಳು. ತಂಗಿ ಕೇಳಿದ ಗೆರೆಗಳೇ.

ನಾನು ಹುಣಸೆಮರದ ಕೆಳಗೆ ನಿಂತು ನೋಡಿದೆ. ಬಳೆ ಗುಂಡಗಿರಲಿಲ್ಲ. ನಮ್ಮ ಹೊಲದಿಂದ ಹೊರಟ ಗೆರೆ ಬದು ದಾಟಿ ಅವನ ಹೊಲಕ್ಕೆ ಹೋಗಿ, ಕುಂಟೆಯನ್ನು ಗುಂಡಗೆ ಸುತ್ತಿಕೊಳ್ಳದೆ ದೂರಕ್ಕೆ ಚಾಚಿಕೊಂಡು, ಸೌತೆಕಾಯಿಯ ಹಾಗೆ ಉದ್ದಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಎಲ್ಲೂ ಒಳಕ್ಕೆ ನೆಗ್ಗಿರಲಿಲ್ಲ, ಅವಳು ಹೇಳಿದ್ದ ಹಾಗೆಯೇ ಹೊಟ್ಟೆ ಹೊರಕ್ಕೆ. ಆದರೆ ಆ ಗೆರೆಗೆ ಅಡ್ಡಲಾಗಿ ಗೋಲಿ ಬಿಟ್ಟರೆ ಅದು ಕುಂಟೆಗೆ ಹೋಗುವ ಹಾಗಿರಲಿಲ್ಲ. ನಾನು ಬರೆದ ಹದಿನಾಲ್ಕರಲ್ಲಿ ಒಂದೂ ಸರಿಯಿದ್ದಿರಲಾರದು. ಸುಳ್ಳು ಹೇಳಿದರೂ ನಿಜವನ್ನೇ ಹೇಳಿರಬಹುದು ಎಂಬ ಒಂದು ಸಣ್ಣ ಆಸೆಯನ್ನು ಹತ್ತು ವರ್ಷ ಇಟ್ಟುಕೊಂಡಿದ್ದೆ. ಆ ಸಂಜೆ ಅದೂ ಹೋಯಿತು.

ಮಾರನೆಯ ಬೆಳಿಗ್ಗೆ ಟ್ರಂಕಿನಿಂದ ಸುರುಳಿ ತೆಗೆದೆ. ಅವ್ವ ಆ ಮಣೆಯನ್ನು ಎಸೆದಿರಲಿಲ್ಲ. ದಿನದಿನವೂ ರೊಟ್ಟಿ ತಟ್ಟಿ ನಡುವಿನ ಮರ ನುಣುಪಾಗಿತ್ತು, ಅಂಚಿನ ಗಂಟೆಗಳು ಅರ್ಧಂಬರ್ಧ ಉಳಿದಿದ್ದವು. ಅದನ್ನು ಹಿಡಿದುಕೊಂಡು ಬದು ದಾಟಿದೆ. ಅಪ್ಪನ ಹೆಸರು ಹೇಳಿ ಮಾಡಿದ ಆಣೆ. ಕಾಲು ಆಚೆ ಊರಿದಾಗ ಏನೂ ಆಗಲಿಲ್ಲ, ನೆಲ ನಮ್ಮ ಕಡೆಯ ಹಾಗೆಯೇ ಇತ್ತು.

ಚಿಕ್ಕಪ್ಪನ ಮಗ ಸುಣ್ಣದ ಗೆರೆ ನೋಡುತ್ತಾ ನಿಂತಿದ್ದ. ಎತ್ತು ಹತ್ತಿರವಿರಲಿಲ್ಲ. ನನ್ನನ್ನೂ ಮಣೆಯನ್ನೂ ನೋಡಿದ.

‘ಏನಣ್ಣ, ನಮ್ಮ ಹೊಲದಾಗೆ ರೊಟ್ಟಿ ತಟ್ಟಾಕೆ ಬಂದ್ಯಾ?’

‘ಹದಿನಾಲ್ಕು ಜಾಗ ನೋಡ್ಬೇಕು ಕಣೋ. ಹತ್ತು ವರ್ಷದ ಹಿಂದೆ ನೋಡ್ಬೇಕಿತ್ತು.’

ನಿಂತಲ್ಲೇ ಎಲ್ಲ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ನೆಲ ನೋಡುತ್ತಾ, ‘ಅವಳಿಗೋಸ್ಕರ ಅಂದಿದ್ರೆ ನಾನೇ ನೋಡ್ಕೊಡ್ತಿದ್ನಲ್ಲಣ್ಣ. ಎತ್ತಿಗಾದ್ರೂ ಹೇಳ್ಬಾರದಿತ್ತಾ?’ ಎಂದ. ಆಮೇಲೆ ಹೆಜ್ಜೆ ಎಣಿಸಲು ತಾನೇ ಮುಂದಾದ. ಅವನು ಗುಡ್ಡದ ನೆತ್ತಿಗೆ ಮಣೆ ತಿರುಗಿಸಿ ಹಿಡಿದ, ನಾನು ಗೋಲಿ ಬಿಟ್ಟೆ. ಒಂದೊಂದು ಜಾಗದಲ್ಲೂ ಮೂರು ಸಲ. ಸುಣ್ಣದ ಗೆರೆಯ ಮೇಲೆ ಬಿದ್ದ ಕಡೆಯಲ್ಲೆಲ್ಲ ಗೋಲಿ ಗೆರೆಗೆ ಅಡ್ಡಡ್ಡಕ್ಕೆ ಇಳಿಯಿತು.

ಭಾನುವಾರ ತರೀಕೆರೆ ಬಸ್ಸು ಹತ್ತಿದೆ. ತಂಗಿ ಜಗುಲಿಯಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಆ ಮಾತಿಗೆ ಮೊದಲು ಸುರುಳಿಯನ್ನೂ ಹೊಸ ಕಾಗದವನ್ನೂ ಅವಳ ಮುಂದೆ ಇಟ್ಟೆ.

‘ಇದನ್ನ ಇನ್ನೂ ಇಟ್ಕಂಡಿದ್ಯಾ?’ ಎಂದು ನಕ್ಕಳು. ಹೊಸ ಕಾಗದ ತೆಗೆದು ನೋಡಿದಳು. ಹದಿನಾಲ್ಕು ಸಂಖ್ಯೆ, ಮುಂದೆ ಹದಿನಾಲ್ಕು ಗಂಟೆ. ಹಳೆಯ ಹಾಳೆಯಲ್ಲಿ ಅದೇ ಸಂಖ್ಯೆಗಳ ಮೇಲೆ ಬೆರಳಿಟ್ಟಳು. ನಗು ನಿಂತಿತು. ಏನೂ ಕೇಳದೆ ಒಳಗೆ ಹೋಗಿ ಸ್ಕೇಲು ತಂದಳು.

ನಾನು ಎದುರಿಗೆ ಕೂತೆ. ಮಗಳು ಒಂದು ಸಲ ಬಂದು ಕಾಫಿ ಇಟ್ಟು ಹೋದಳು, ಅದು ಆರಿತು. ತಂಗಿ ಹಳೆಯ ಬಾಣಗಳನ್ನು ರಬ್ಬರಿನಿಂದ ಅಳಿಸಿ, ಹೊಸದನ್ನು ಬರೆದು, ಒಂದೊಂದಕ್ಕೂ ಅಡ್ಡಗೆರೆ ಎಳೆದಳು. ಏಳರಿಂದ ಹತ್ತೊಂಬತ್ತು. ಹತ್ತೊಂಬತ್ತರಿಂದ ನಲವತ್ತೊಂದು. ನಲವತ್ತೊಂದರಿಂದ ಏಳು ಈಗ ಬರಲಿಲ್ಲ, ಅದು ಹಗ್ಗದ ಮುಂದಕ್ಕೆ ಬಿತ್ತು. ಅವಳ ಕೈ ಬೇಗಬೇಗ ಓಡತೊಡಗಿತು. ಯಾವುದರ ಮೇಲೆ ಯಾವುದು ಎಂದು ಅಂಚಿನಲ್ಲಿ ಬರೆಯುತ್ತಾ ಹೋದಳು. ಎಲ್ಲಿಯೂ ಸುತ್ತಿಕೊಂಡು ಹಿಂದಕ್ಕೆ ಬರಲಿಲ್ಲ. ಕೊನೆಗೆ ಪೆನ್ಸಿಲ್ಲನ್ನು ಹಗುರಾಗಿ ಹಿಡಿದು ಒಂದು ಬಳೆ ಬರೆದಳು. ಉದ್ದನೆಯದು, ಸೌತೆಕಾಯಿಯ ಹಾಗೆ. ನಾನು ಸುಣ್ಣದ ಗೆರೆಯ ಮಾತನ್ನು ಅವಳಿಗೆ ಹೇಳಿರಲಿಲ್ಲ. ನಮ್ಮ ಹೊಲವನ್ನು ಅವಳು ಬಾಗಿಲು ಹಾಕಿದ ಕೋಣೆಯಿಂದಲೇ ಕಾಣಬಹುದಾಗಿತ್ತು.

ಬಳೆ ಹೊರಟ ಜಾಗಕ್ಕೆ ಬಂದು ಸೇರಿತು. ಅವಳು ಪೆನ್ಸಿಲ್ ಕೆಳಗಿಟ್ಟಳು.

ನನ್ನ ತಪ್ಪು ಎಷ್ಟು ದೊಡ್ಡದು ಎಂದು ಅಳೆಯಲು ನನ್ನಿಂದಾಗುವುದಿಲ್ಲ. ಆಣೆ ಮುರಿಯುವುದು, ಊರವರ ನಗು, ದಾಯಾದಿಯ ಮುಂದೆ ತಲೆತಗ್ಗಿಸುವುದು, ಇವೆಲ್ಲಕ್ಕಿಂತ ಅದು ಮೇಲಿನದು ಎಂಬುದಷ್ಟು ಗೊತ್ತು.

‘ಅಣ್ಣ’ ಎಂದಳು, ಕಾಗದದಿಂದ ಕಣ್ಣೆತ್ತದೆ. ‘ಇದು ಇಷ್ಟು ದಿನ ಎಲ್ಲಿತ್ತು?’

‘ಅಲ್ಲೇ ಇತ್ತು ಕಣವ್ವ. ನಾನು ಹೋಗಿರ್ಲಿಲ್ಲ. ಹುಣಸೆಮರದ ಕೆಳಗೆ ಕೂತು ಮನಸ್ಸಿಗೆ ಬಂದಂಗೆ ಬರ್ಕೊಟ್ಟೆ. ನೀನು ಕೇಳ್ದಾಗ ಸುಳ್ಳು ಹೇಳಿ ನಿನ್ನ ಮೇಲೇ ರೇಗಿದೆ. ನಿನ್ನ ಲೆಕ್ಕದಲ್ಲಿ ಯಾವತ್ತೂ ಬಿರುಕಿರಲಿಲ್ಲ. ತಪ್ಪು ಮಾಡ್ದೆ ತಾಯಿ, ದೊಡ್ಡ ತಪ್ಪು ಮಾಡ್ಬಿಟ್ಟೆ. ನನ್ನ ಕ್ಷಮಿಸು.’